ಮರಳು ಹಾಗೇ ಇರಲಿ, ಕೊಳೆ ಮಾತ್ರ ಹೊರಗೆ ಬರಲಿ: ಮನೆಯ ಅಕ್ವೇರಿಯಂ ತಳ ಸ್ವಚ್ಛ ಮಾಡುವ ಬಗೆ

ಟ್ಯಾಂಕಿಗೆ ಹೊಸದಾಗಿ ಮರಳು ಹಾಸಿದ ಮೊದಲ ವಾರ ನೋಡಲು ಬಹಳ ಚಂದ. ಎರಡು ತಿಂಗಳು ಕಳೆಯಲಿ, ಮೂಲೆಯಲ್ಲಿ ಕಂದು ಬಣ್ಣದ ಹಿಕ್ಕೆ ಗುಡ್ಡೆ ಕಟ್ಟಿರುತ್ತದೆ. ಗಾಜಿಗೆ ತಾಗಿದ ಮರಳಿನಲ್ಲಿ ಹಸಿರು ಪಟ್ಟಿ ಕಾಣುತ್ತದೆ. ಫಿಲ್ಟರಿನ ಹಿಂದೆ, ಮೀನು ತಿನ್ನದೆ ಬಿಟ್ಟ ಕಾಳಿನ ಮೇಲೆ ಹತ್ತಿಯಂಥ ಬೂಷ್ಟು. ಆಗ ಕೆಲವರು ಮುಟ್ಟಿದರೆ ನೀರು ಕದಡುತ್ತದೆ ಎಂದು ಹಾಗೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಒಂದು ಭಾನುವಾರ ಮೀನನ್ನೆಲ್ಲ ಬಕೆಟ್ಟಿಗೆ ಹಾಕಿ, ಮರಳನ್ನು ಪೂರ್ತಿ ಹೊರಗೆ ತೆಗೆದು, ನಲ್ಲಿ ಕೆಳಗೆ ಉಜ್ಜಿ ತೊಳೆದು ವಾಪಸ್ ಹಾಕುತ್ತಾರೆ. ಇದು ಸುಮ್ನೆ ಬಿಡುವುದಕ್ಕಿಂತಲೂ ಅಪಾಯ.

ನಾನು ಇದನ್ನು ಮಾಡಿ ನೋಡಿದವನು. ಮೂರು ಅಡಿ ಟ್ಯಾಂಕ್, ಅದರಲ್ಲಿ ತಳದಲ್ಲೇ ಓಡಾಡುವ ಸಣ್ಣ ಮೀಸೆಯ ಆರು ಕೋರಿ ಮೀನು, ಒಂದಷ್ಟು ಟೆಟ್ರಾ ಮೀನು. ಮರಳು ತೊಳೆದೆ. ಕೈ ಹೇಗೂ ಒದ್ದೆಯಾಗಿದೆ ಎಂದು ಅದೇ ದಿನ ಫಿಲ್ಟರಿನ ಸ್ಪಾಂಜನ್ನೂ ನಲ್ಲಿ ನೀರಲ್ಲಿ ಹಿಂಡಿ ಹಿಂಡಿ ತೊಳೆದೆ. ಸಂಜೆ ಟ್ಯಾಂಕ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಂಗಳವಾರ ಬೆಳಿಗ್ಗೆ ಲೈಟ್ ಹಾಕಿದರೆ ಟೆಟ್ರಾಗಳೆಲ್ಲ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ಎರಡು ಕೋರಿಗಳು ಮಗ್ಗುಲಾಗಿ ಬಿದ್ದಿದ್ದವು, ಕಿವಿರು ಕೆಂಪಾಗಿತ್ತು. ಅವನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಆಗಿದ್ದು ಇಷ್ಟು. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಕೊಳೆತ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದು ಮೀನಿಗೆ ವಿಷ. ಟ್ಯಾಂಕಿನಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ, ವಾರಕ್ಕೊಮ್ಮೆ ನೀರು ಬದಲಿಸಿ ನಾವು ಅದನ್ನು ಹೊರಹಾಕುತ್ತೇವೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ಬಹಳ ಕಡಿಮೆ. ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ, ಮರಳಿನ ಮೇಲ್ಪದರದಲ್ಲಿ ಅಂಟಿಕೊಂಡಿರುತ್ತವೆ. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಮರಳು, ಸ್ಪಾಂಜು ಎರಡನ್ನೂ ಒಂದೇ ದಿನ ತೊಳೆದರೆ ಅಮೋನಿಯಾ ತೆಗೆಯುವವರೇ ಉಳಿಯುವುದಿಲ್ಲ. ನಾನು ತೊಳೆದಿದ್ದು ಕೊಳೆಯನ್ನಲ್ಲ, ಮೀನುಗಳ ಕಾವಲನ್ನು.

ಅದಕ್ಕೇ ಮೊದಲೇ ಹೇಳುತ್ತೇನೆ, ಈ ಕೆಲಸದಲ್ಲಿ ಮರಳನ್ನು ತೊಳೆಯಲು ಹೋಗಬೇಡಿ. ಅದರ ಮೇಲೆ ಕೂತ ಕೊಳೆಯನ್ನಷ್ಟೇ ಎತ್ತಿ. ದಪ್ಪ ಜಲ್ಲಿ ಹಾಕಿದ ಟ್ಯಾಂಕಿನಲ್ಲಿ ಹಿಕ್ಕೆ ಕಲ್ಲುಗಳ ಸಂದಿಗೆ ಇಳಿದುಹೋಗುತ್ತದೆ, ಪೈಪನ್ನು ಒಳಗೆ ಚುಚ್ಚಿ ಚುಚ್ಚಿ ತೆಗೆಯಬೇಕು. ಮರಳಿನಲ್ಲಿ ಸಂದಿಯೇ ಇಲ್ಲದಷ್ಟು ಕಾಳು ಸಣ್ಣ. ಹಾಗಾಗಿ ಕೊಳೆ ಮೇಲೆಯೇ ಕೂತಿರುತ್ತದೆ. ಕಣ್ಣಿಗೆ ಜಾಸ್ತಿ ಗಲೀಜು ಕಾಣುವುದು ಇದರಿಂದಲೇ. ಆದರೆ ತೆಗೆಯುವುದು ಸುಲಭವಾಗುವುದೂ ಇದರಿಂದಲೇ.

ಬೇಕಾಗುವ ಸಾಮಾನು

ಸೈಫನ್ ಪೈಪು ಒಂದು, ಅಂದರೆ ಟ್ಯಾಂಕಿನ ನೀರನ್ನು ಕೆಳಗಿನ ಬಕೆಟ್ಟಿಗೆ ತಾನಾಗಿ ಇಳಿಸುವ ಪೈಪು. ಅಂಗಡಿಯಲ್ಲಿ ಗ್ರಾವೆಲ್ ಕ್ಲೀನರ್ ಎಂದು ಕೇಳಿದರೆ ಕೊಡುತ್ತಾರೆ. ತುದಿಯಲ್ಲಿ ಅಗಲವಾದ ಪ್ಲಾಸ್ಟಿಕ್ ಕೊಳವೆ, ಅದಕ್ಕೆ ಸಣ್ಣ ಪೈಪು ಜೋಡಿಸಿರುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದು. ಮೇಸ್ತ್ರಿಗಳು ಗೋಡೆ ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಗೊತ್ತಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎರಡು ಮೀಟರ್ ತನ್ನಿ. ಅರ್ಧ ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ, ಮುಚ್ಚಳದಲ್ಲಿ ಪೈಪು ಬಿಗಿಯಾಗಿ ಕೂರುವಷ್ಟು ತೂತು ಮಾಡಿ ಸಿಕ್ಕಿಸಿ. ತೂತು ಸ್ವಲ್ಪ ಸಡಿಲವಾದರೂ ಗಾಳಿ ಎಳೆದುಕೊಂಡು ಸೈಫನ್ ನಿಂತುಹೋಗುತ್ತದೆ, ಅದಕ್ಕೆ ಕಾದ ಮೊಳೆಯಿಂದ ಸಣ್ಣದಾಗಿ ತೂತು ಮಾಡಿ ನಿಧಾನವಾಗಿ ದೊಡ್ಡದು ಮಾಡಿಕೊಳ್ಳಿ. ಕತ್ತರಿಸಿದ ಅಂಚು ಚೂಪಾಗಿರುತ್ತದೆ, ಮೀನಿಗೆ ತಾಗದಂತೆ ನಯ ಮಾಡಿ.

ಅಗಲ ಬಾಟಲಿ ಯಾಕೆ ಎಂದರೆ, ಇಲ್ಲೇ ಇದರ ಗುಟ್ಟು ಇದೆ. ರಾಗಿ ಗಾಳಿಸುವುದನ್ನು ನೋಡಿದವರಿಗೆ ತಟ್ಟನೆ ಅರ್ಥವಾಗುತ್ತದೆ. ನೀರು ಹಾಕಿ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ ಬಗ್ಗಿಸಿದರೆ ಹಗುರವಾದ ಕಾಳು ನೀರಿನ ಜೊತೆ ಜಾರಿ ಇನ್ನೊಂದು ಪಾತ್ರೆಗೆ ಹೋಗುತ್ತದೆ, ಕಲ್ಲು ಮಾತ್ರ ತಳದಲ್ಲಿ ಉಳಿಯುತ್ತದೆ. ರಭಸವಾಗಿ ಬಗ್ಗಿಸಿದರೆ ಕಲ್ಲೂ ಬರುತ್ತದೆ. ಸಣ್ಣ ಪೈಪಿನಲ್ಲಿ ನೀರು ರಭಸವಾಗಿ ಓಡುತ್ತದೆ, ಮರಳನ್ನೂ ಎಳೆಯುತ್ತದೆ. ಅದೇ ನೀರು ಅಗಲವಾದ ಬಾಟಲಿಯೊಳಗೆ ನಿಧಾನವಾಗಿ ಏರುತ್ತದೆ. ಹಿಕ್ಕೆ ಹಗುರ, ಏರಿಹೋಗುತ್ತದೆ. ಮರಳು ನೀರಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಭಾರ, ಅರ್ಧ ಏರಿ ವಾಪಸ್ ಬೀಳುತ್ತದೆ.

ಇನ್ನೆರಡು ಬಕೆಟ್ ಬೇಕು. ಇವು ಅಕ್ವೇರಿಯಂಗೆಂದೇ ಇರಲಿ. ಬಟ್ಟೆ ಒಗೆಯುವ, ನೆಲ ಒರೆಸುವ ಬಕೆಟ್ ಖಂಡಿತ ಬೇಡ, ಸೋಪಿನ ಅಂಶ ಎಷ್ಟು ತೊಳೆದರೂ ಸ್ವಲ್ಪ ಉಳಿದಿರುತ್ತದೆ. ನೂಡಲ್ಸ್ ತಿನ್ನಲು ಬಳಸುವ ಕಡ್ಡಿ (ಚಾಪ್‌ಸ್ಟಿಕ್) ಒಂದು, ಒಂದು ಹಳೆಯ ತಟ್ಟೆ, ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಬಾಟಲಿ. ಇಷ್ಟೇ.

ಎಷ್ಟು ನೀರು ತೆಗೆಯಬೇಕು?

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ತೆಗೆದುಕೊಳ್ಳಿ. ಲೆಕ್ಕಕ್ಕೆ ಸುಮಾರು 56 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ ಇರುವುದು 45 ಲೀಟರ್ ಆಸುಪಾಸು. ಒಂದು ಸಲಕ್ಕೆ ಕಾಲು ಭಾಗ ತೆಗೆದರೆ ಸಾಕು, ಅಂದರೆ 11-12 ಲೀಟರ್, ಹೆಚ್ಚುಕಮ್ಮಿ ಒಂದು ಬಕೆಟ್. ನಿಮಗೆ ಸಿಗುವುದು ಒಂದು ಬಕೆಟ್ ನೀರಿನಷ್ಟು ಹೊತ್ತು ಮಾತ್ರ. ಮೊದಲ ಸಲ ಮಾಡುವವರಿಗೆ ಒಂದು ಮೂಲೆ ಮುಗಿಯುವಷ್ಟರಲ್ಲಿ ಬಕೆಟ್ ತುಂಬಿರುತ್ತದೆ. ಅದಕ್ಕೆ ಟ್ಯಾಂಕನ್ನು ಮನಸ್ಸಿನಲ್ಲೇ ಮೂರು ಭಾಗ ಮಾಡಿಕೊಳ್ಳಿ. ಎದ್ದು ಕಾಣುವ ಹಿಕ್ಕೆಯನ್ನು ಎಲ್ಲ ಕಡೆಯಿಂದ ತೆಗೆಯಿರಿ, ಆದರೆ ಗಮನ ಕೊಟ್ಟು ಮಾಡುವುದು ವಾರಕ್ಕೆ ಒಂದು ಭಾಗ. ಮೂರು ವಾರಕ್ಕೆ ಒಂದು ಸುತ್ತು.

ಕೆಲಸ ಶುರು ಮಾಡೋಣ

ಹಿಂದಿನ ದಿನವೇ ಒಂದು ಬಕೆಟ್ ಹೊಸ ನೀರು ಹಿಡಿದಿಡಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹೀಟರ್ ಇದ್ದರೆ ಕೆಲಸಕ್ಕೆ 15 ನಿಮಿಷ ಮೊದಲು ಆಫ್ ಮಾಡಿ. ಬಿಸಿ ಇರುವ ಹೀಟರಿನ ಗಾಜು ನೀರಿನಿಂದ ಹೊರಗೆ ಬಂದರೆ ಬಿರುಕು ಬಿಡುತ್ತದೆ. ಫಿಲ್ಟರನ್ನೂ ಆಫ್ ಮಾಡಿ. ಮರಳು ಒಳಗೆ ಹೋದರೆ ಮೋಟಾರಿನ ಫ್ಯಾನ್ ಸವೆದು ಕರಕರ ಸದ್ದು ಶುರುವಾಗುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ನೀರಿಗೆ ಕೈ ಹಾಕುವ ಮುಂಚೆ ಇವೆರಡರ ಪ್ಲಗ್ಗನ್ನೇ ಕಿತ್ತಿಡಿ.

ಗಾಜಿನ ಪಾಚಿ ಮೊದಲು ಉಜ್ಜಿ. ಉದುರಿದ್ದು ಮರಳಿನ ಮೇಲೆ ಕೂರುತ್ತದೆ, ಆಮೇಲೆ ಒಟ್ಟಿಗೆ ಎಳೆದುಕೊಳ್ಳಬಹುದು. ಹಗುರವಾದ ಕಲ್ಲು, ಆಟಿಕೆ ಏನಾದರೂ ಇದ್ದರೆ ಆ ಭಾಗದಿಂದ ಪಕ್ಕಕ್ಕೆ ಇಡಿ. ಕೊಳೆ ಜಾಸ್ತಿ ಇರುವುದು ಅವುಗಳ ಬುಡದಲ್ಲೇ.

ಬಕೆಟ್ ಟ್ಯಾಂಕಿಗಿಂತ ಕೆಳಗೆ ನೆಲದ ಮೇಲೆ ಇರಲಿ. ಈಗ ಸೈಫನ್ ಶುರು ಮಾಡಬೇಕು. ಬಾಯಲ್ಲಿ ಎಳೆಯಬೇಡಿ. ಅಕ್ವೇರಿಯಂ ನೀರಿನಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಇಡೀ ಪೈಪನ್ನು ಟ್ಯಾಂಕಿನೊಳಗೆ ಮುಳುಗಿಸಿ, ಗಾಳಿಯ ಗುಳ್ಳೆ ಪೂರ್ತಿ ಹೋಗುವವರೆಗೆ ಕಾಯಿರಿ. ಸಣ್ಣ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರಗೆ ತಂದು ಬಕೆಟ್ಟಿಗೆ ಇಳಿಸಿ ಬೆರಳು ತೆಗೆಯಿರಿ. ಬಾಟಲಿ ತುದಿ ನೀರಿನೊಳಗೇ ಇರಬೇಕು. ನೀರು ತಾನಾಗಿ ಇಳಿಯುತ್ತದೆ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಿ. ಗಾಯದ ಮೂಲಕ ಚರ್ಮಕ್ಕೆ ಸೋಂಕು ತರುವ ಬ್ಯಾಕ್ಟೀರಿಯಾ ಕೂಡ ಈ ನೀರಿನಲ್ಲಿ ಇರಬಹುದು.

ಬಾಟಲಿಯ ಕತ್ತರಿಸಿದ ಅಗಲ ಬಾಯಿಯನ್ನು ಮರಳಿನಿಂದ 2-3 ಸೆಂ.ಮೀ. ಮೇಲೆ ಹಿಡಿಯಿರಿ. ಮರಳಿಗೆ ತಾಗಿಸಬೇಡಿ. ಇನ್ನೊಂದು ಕೈ ಪೈಪಿನ ಮೇಲೆ ಇರಲಿ, ಬೇಕೆಂದಾಗ ಹಿಸುಕಿ ನೀರು ನಿಲ್ಲಿಸಲು. ಈಗ ಬಾಟಲಿಯನ್ನು ಸಣ್ಣ ಸಣ್ಣ ಸುತ್ತು ತಿರುಗಿಸಿ, ದೋಸೆ ಹಿಟ್ಟನ್ನು ಕಾವಲಿ ಮೇಲೆ ಸೌಟಿನಿಂದ ಹರಡುವ ಹಾಗೆ. ಅಷ್ಟೇ ಹಗುರ ಕೈ. ಆ ಸುಳಿಗೆ ಹಿಕ್ಕೆ ಎದ್ದು ಬಾಟಲಿಯೊಳಗೆ ಬರುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಎಲ್ಲ ಕಾಣುತ್ತದೆ. ಕಂದು ಚೂರುಗಳು ಮೇಲಕ್ಕೆ ಸಾಗುತ್ತಿರುತ್ತವೆ, ನಾಲ್ಕಾರು ಮರಳಿನ ಕಾಳು ಮಿಂಚುತ್ತಾ ಎದ್ದು ಬಾಟಲಿಯ ಅರ್ಧದವರೆಗೆ ಬಂದು ಉದುರುತ್ತವೆ. ಮರಳು ಕುತ್ತಿಗೆಯವರೆಗೂ ಏರಿತು ಎಂದರೆ ಪೈಪು ಹಿಸುಕಿ. ಮರಳು ಬಿದ್ದ ಮೇಲೆ ಬಿಡಿ. ಹತ್ತು ನಿಮಿಷದಲ್ಲಿ ಕೈಗೆ ಇದರ ಹದ ಸಿಗುತ್ತದೆ.

ಗಪ್ಪಿ ಮರಿ, ಸಿಗಡಿ ಇರುವ ಟ್ಯಾಂಕಾದರೆ ಬಾಟಲಿಯ ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿ. ಕೋರಿಗಳು ಕುತೂಹಲದಿಂದ ಪೈಪಿನ ಹತ್ತಿರವೇ ಬರುತ್ತವೆ, ಅವುಗಳ ಮೇಲೂ ಕಣ್ಣಿರಲಿ. ನೀರು ಚೆಲ್ಲುವ ಮುಂಚೆ ಬಕೆಟ್ಟನ್ನು ಒಮ್ಮೆ ನೋಡಿ. ಮರಿ ಬಂದಿದ್ದರೆ ವಾಪಸ್ ಬಿಡಬಹುದು. ತಳದಲ್ಲಿ ಮರಳು ಸೇರಿದ್ದರೆ ಅದೇ ನೀರಲ್ಲಿ ಅಲುಗಿಸಿ, ಕೊಳೆ ಬಗ್ಗಿಸಿ, ಮರಳನ್ನು ಟ್ಯಾಂಕಿಗೆ ಹಾಕಿ. ಉಳಿದ ನೀರು ತುಳಸಿಗೋ ಕರಿಬೇವಿಗೋ ಹೋಗಲಿ, ಅದರಲ್ಲಿರುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಟ್ಯಾಂಕಿಗೆ ಉಪ್ಪು ಅಥವಾ ಔಷಧಿ ಹಾಕಿದ್ದರೆ ಮಾತ್ರ ಗಿಡಕ್ಕೆ ಬೇಡ.

ಗಿಡ ನೆಟ್ಟ ಜಾಗದಲ್ಲಿ ಬೇರಿನ ಸುತ್ತ ಕಲಕಬೇಡಿ. ಎಲೆಗಳ ಮೇಲೆ, ನಡುವೆ ಮೇಲಿಂದ ಎಳೆದುಕೊಂಡರೆ ಸಾಕು. ಅಲ್ಲಿಯ ಹಿಕ್ಕೆಯನ್ನು ಗಿಡವೇ ಬಳಸಿಕೊಳ್ಳುತ್ತದೆ.

ಹೊಸ ನೀರು

ಕೊಳೆ ತೆಗೆಯುವಾಗ ಆಗದ ಅನಾಹುತ ಎಷ್ಟೋ ಸಲ ನೀರು ತುಂಬಿಸುವಾಗ ಆಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದು ಇನ್ನೂ ಕಷ್ಟ. ಒಂದು ದಿನ ಕಾವೇರಿ, ಇನ್ನೊಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಎಲ್ಲವೂ ಒಂದೇ ಸಂಪಿನಲ್ಲಿ ಸೇರುತ್ತದೆ. ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಬಾಯಿ ತೆರೆದು 24 ಗಂಟೆ ಇಟ್ಟರೆ, ಏರ್ ಪಂಪಿನ ಗುಳ್ಳೆ ಬಿಡುವ ಕಲ್ಲು ಹಾಕಿಟ್ಟರೆ ಇನ್ನೂ ಬೇಗ, ಅದು ಹೋಗುತ್ತದೆ. ಸಮಯ ಇಲ್ಲದಿದ್ದರೆ ಆಂಟಿ ಕ್ಲೋರಿನ್ ಹಾಕಿ. ಬಾಟಲಿ ಮೇಲೆ ಬರೆದ ಅಳತೆ ನೋಡಿ, ಬಕೆಟ್ಟಿಗೆ ಹಾಕುವುದಾದರೆ ಬಕೆಟ್ಟಿನ ಲೆಕ್ಕ, ಪೈಪಿನಿಂದ ನೇರ ಟ್ಯಾಂಕಿಗೆ ನೀರು ಬಿಡುವುದಾದರೆ ಇಡೀ ಟ್ಯಾಂಕಿನ ಲೆಕ್ಕ. ಬೋರ್‌ವೆಲ್ ನೀರಲ್ಲಿ ಕ್ಲೋರಿನ್ ಇಲ್ಲದಿದ್ದರೂ ಗಡಸುತನ ಜಾಸ್ತಿ. ಇಷ್ಟು ದಿನ ಕಾವೇರಿ ನೀರಲ್ಲಿದ್ದ ಮೀನಿಗೆ ಒಂದೇ ಸಲ ಕಾಲು ಭಾಗ ಬೋರ್‌ವೆಲ್ ನೀರು ಕೊಡಬೇಡಿ, ಹತ್ತು ಶೇಕಡಾದಿಂದ ಶುರು ಮಾಡಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೊಂದು ವಿಷಯ ವಿಚಾರಿಸಿಕೊಳ್ಳಿ. ಸಂಪ್ ಯಾವಾಗ ಕ್ಲೀನ್ ಮಾಡುತ್ತಾರೆ ಎಂದು ವಾಚ್‌ಮನ್ ಹತ್ತಿರ ಕೇಳಿಟ್ಟುಕೊಳ್ಳಿ. ಆಮೇಲೆ ಬ್ಲೀಚಿಂಗ್ ಪೌಡರ್ ಹಾಕುವುದು ರೂಢಿ. ಆ ಎರಡು ಮೂರು ದಿನ ನೀರು ಬದಲಿಸುವ ಕೆಲಸ ಮುಂದಕ್ಕೆ ಹಾಕಿ. ಮೀನಿಗೆ ಒಂದು ವಾರ ತಡವಾದರೆ ಏನೂ ಆಗುವುದಿಲ್ಲ.

ಹೊಸ ನೀರಿಗೆ ಕೈ ಅದ್ದಿ, ಟ್ಯಾಂಕಿಗೆ ಕೈ ಅದ್ದಿ. ವ್ಯತ್ಯಾಸ ಗೊತ್ತಾಗಬಾರದು. ಡಿಸೆಂಬರ್-ಜನವರಿಯ ಬೆಳಿಗ್ಗೆ ನಲ್ಲಿ ನೀರು ತಣ್ಣಗಿರುತ್ತದೆ. ಅದನ್ನು ಹಾಗೇ ಸುರಿದರೆ ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ರೋಗ ಬರಲು ದಾರಿ. ಒಂದು ಚೊಂಬು ಬಿಸಿ ನೀರು ಬೆರೆಸಿಕೊಳ್ಳಿ.

ತಟ್ಟೆಯನ್ನು ಮರಳಿನ ಮೇಲೆ ಇಟ್ಟು, ನೀರನ್ನು ತಟ್ಟೆಯ ಮೇಲೆ ನಿಧಾನವಾಗಿ ಹಾಕಿ. ಇಲ್ಲದಿದ್ದರೆ ಮರಳಿನಲ್ಲಿ ಗುಂಡಿ ಬೀಳುತ್ತದೆ, ಇಷ್ಟು ಹೊತ್ತು ಮಾಡಿದ್ದೆಲ್ಲ ಕದಡಿಹೋಗುತ್ತದೆ. ನೀರು ತಿಳಿಯಾಗಲು 15-20 ನಿಮಿಷ ಬಿಡಿ, ಆಮೇಲೆ ಫಿಲ್ಟರ್, ಹೀಟರ್ ಹಾಕಿ. ಫಿಲ್ಟರ್ ನೀರೆಳೆಯುವ ಬಾಯಿ ಮರಳಿನಿಂದ 5 ಸೆಂ.ಮೀ.ಗಿಂತ ಮೇಲೆ ಇರಲಿ.

ಸ್ಪಾಂಜನ್ನು ಈ ವಾರ ಮುಟ್ಟಬೇಡಿ. ಬೇರೆ ವಾರ, ಟ್ಯಾಂಕಿನಿಂದಲೇ ತೆಗೆದ ನೀರಲ್ಲಿ ನಾಲ್ಕು ಸಲ ಹಿಂಡಿ ಹಾಕಿದರೆ ಸಾಕು. ಅದು ಹೊಸದರ ಹಾಗೆ ಕಾಣಬೇಕಿಲ್ಲ.

ಒಳಗಿನ ಮರಳು, ಕಪ್ಪು ಕಲೆ, ಕೊಳೆತ ಮೊಟ್ಟೆ ವಾಸನೆ

ಮರಳು ಒತ್ತಾಗಿ ಕೂರುತ್ತದೆ. ತುಂಬಾ ಆಳವಾಗಿದ್ದರೆ ಕೆಳಗಿನ ಪದರಕ್ಕೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಬೆಳೆದು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಮರಳಿನಲ್ಲಿರುವ ಕಬ್ಬಿಣದ ಜೊತೆ ಸೇರಿ ಕಪ್ಪು ಕಲೆಯಾಗುತ್ತದೆ. ಗಾಜಿನ ಪಕ್ಕದಲ್ಲಿ ಕಾಣುವುದು ಅದು.

ಇದಕ್ಕೆ ಹೆದರುವುದು ಬೇಡ, ಆದರೆ ಮರಳು ಕಡಿಮೆ ಹಾಕಿ. ಗಿಡ ಇಲ್ಲದ ಟ್ಯಾಂಕಿಗೆ 2-3 ಸೆಂ.ಮೀ. ಸಾಕು. ಗಿಡ ಇದ್ದರೆ ಮುಂದೆ 3, ಹಿಂದೆ 5 ಸೆಂ.ಮೀ. 2 ಅಡಿ ಟ್ಯಾಂಕಿಗೆ 10-12 ಕೆ.ಜಿ. ಮರಳು ಬೇಕಾದಷ್ಟಾಯಿತು. ಅಂಗಡಿಯವರು 20 ಕೆ.ಜಿ. ಚೀಲ ಕೊಟ್ಟರೆ ಪೂರ್ತಿ ಸುರಿಯಬೇಕೆಂದೇನಿಲ್ಲ.

ತಿಂಗಳಿಗೊಮ್ಮೆ ನೂಡಲ್ಸ್ ಕಡ್ಡಿ ತೆಗೆದುಕೊಂಡು, ಆ ವಾರದ ಭಾಗದಲ್ಲಿ ಮಾತ್ರ, ಮರಳಿನಲ್ಲಿ ನಿಧಾನವಾಗಿ ಗೆರೆ ಎಳೆಯಿರಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಪರವಾಗಿಲ್ಲ, ನೀರಲ್ಲಿ ಗಾಳಿ ಆಡುತ್ತಿದ್ದರೆ ಅದು ಅಲ್ಲೇ ಕರಗಿಹೋಗುತ್ತದೆ. ಏರ್ ಪಂಪ್ ಮಾತ್ರ ಈ ಹೊತ್ತಲ್ಲಿ ಓಡುತ್ತಿರಲಿ. ಎದ್ದ ಕೊಳೆಯನ್ನು ತಕ್ಷಣ ಸೈಫನ್ನಿನಿಂದ ಎಳೆದುಕೊಳ್ಳಿ.

ವರ್ಷಗಟ್ಟಲೆ ಮುಟ್ಟದ, 8-10 ಸೆಂ.ಮೀ. ಆಳದ ಹಳೆಯ ಮರಳಿನ ಟ್ಯಾಂಕು ನಿಮ್ಮ ಕೈಗೆ ಬಂದಿದ್ದರೆ ಕತೆ ಬೇರೆ. ಅದನ್ನು ಮೀನು ಇರುವಾಗ ಕಲಕಬೇಡಿ. ಒಳಗೆ ತುಂಬಿಕೊಂಡ ಕೊಳೆ ಒಮ್ಮೆಲೇ ನೀರಿಗೆ ಬಂದರೆ ಆಮ್ಲಜನಕ ಇಳಿಯುತ್ತದೆ, ಅಮೋನಿಯಾ ಏರುತ್ತದೆ. ಬಾಟಲಿ ತೆಗೆದುಹಾಕಿ ಬರೀ ದಪ್ಪ ಪೈಪಿನಿಂದ ಮರಳನ್ನೇ ಎಳೆದು ಹೊರಹಾಕಿ. ವಾರಕ್ಕೆ ತಳದ ಕಾಲು ಭಾಗದಲ್ಲಿ ಮಾತ್ರ. ನಾಲ್ಕು ವಾರದಲ್ಲಿ ತೆಳುವಾಗುತ್ತದೆ. ಆ ತಿಂಗಳು ಆಹಾರ ಕಡಿಮೆ ಮಾಡಿ, ಸಾಧ್ಯವಾದರೆ ಟೆಸ್ಟ್ ಕಿಟ್ಟಿನಿಂದ ಅಮೋನಿಯಾ ನೋಡುತ್ತಿರಿ. ಅದು ಸೊನ್ನೆ ಇರಬೇಕು.

ಬಣ್ಣ ನೋಡಿ ಗುರುತಿಸಿ

ಹೊಸ ಟ್ಯಾಂಕಿನಲ್ಲಿ ಮರಳಿನ ಮೇಲೆ ಕಂದು ಪುಡಿ ಹರಡಿದರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಕೆಲವು ವಾರದಲ್ಲಿ ತಾನೇ ಕಡಿಮೆಯಾಗುತ್ತದೆ. ಅಲ್ಲಿವರೆಗೆ ಮೇಲಿಂದ ಎಳೆಯುತ್ತಿರಿ. ಗಾಜಿನ ಪಕ್ಕದ ಹಸಿರು ಪಟ್ಟಿ ಬೆಳಕಿನಿಂದ. ಕಿಟಕಿಯ ಬಿಸಿಲು ಬೀಳುವ ಕಡೆ ಅಷ್ಟು ಎತ್ತರಕ್ಕೆ ಕಪ್ಪು ಕಾಗದ ಅಂಟಿಸಿದರೆ ಆಯಿತು. ಆದರೆ ನೀಲಿ ಛಾಯೆಯ ಹಸಿರು, ಲೋಳೆಯ ಹಾಗೆ ಹಾಳೆಹಾಳೆಯಾಗಿ ಏಳುತ್ತದೆ, ಮಣ್ಣಿನಂಥ ಕೆಟ್ಟ ವಾಸನೆ ಇದೆ ಎಂದರೆ ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಕಲಕಿದರೆ ಎಲ್ಲ ಕಡೆ ಹರಡುತ್ತದೆ. ಪೈಪಿನ ಬಾಯನ್ನು ಹಾಳೆಯ ಅಂಚಿಗೆ ಹಿಡಿದು, ಕೆನೆ ಎತ್ತುವ ಹಾಗೆ ಇಡಿಯಾಗಿ ಎಳೆಯಿರಿ. ನೀರು ಆಡದ ಮೂಲೆಯಲ್ಲೇ ಅದು ಹುಟ್ಟುವುದು ಜಾಸ್ತಿ, ಫಿಲ್ಟರಿನ ಮುಖ ಆ ಕಡೆ ತಿರುಗಿಸಿ, ಲೈಟ್ ದಿನಕ್ಕೆ 6 ಗಂಟೆ ಹೊತ್ತಿಗೆ ಇಳಿಸಿ.

ಜೊತೆಗಾರರು

ಕೋರಿ ಮೀನು ಹಾಕಿದರೆ ಅವೇ ಕ್ಲೀನ್ ಮಾಡುತ್ತವೆ ಎಂದು ಹೇಳುವವರು ಬಹಳ. ಅವು ಹಿಕ್ಕೆ ತಿನ್ನುವುದಿಲ್ಲ. ಬಿದ್ದ ಆಹಾರ ಹುಡುಕುತ್ತಾ ಮರಳನ್ನು ಬಾಯಿಗೆ ತೆಗೆದುಕೊಂಡು ಕಿವಿರಿನಿಂದ ಉದುರಿಸುತ್ತವೆ. ಅದರಿಂದ ಮೇಲ್ಪದರ ಸಡಿಲವಾಗಿರುತ್ತದೆ, ಅಷ್ಟು ಉಪಕಾರ. ಅದನ್ನು ನೋಡುತ್ತಾ ಕೂರುವುದೇ ಒಂದು ಸಂತೋಷ. ಅವುಗಳಿಗೆ ಬೇರೆ ಆಹಾರ ಕೊಡಲೇಬೇಕು, ಗುಂಪಿನಲ್ಲಿ ಆರಾದರೂ ಇರಬೇಕು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಅವುಗಳ ಟ್ಯಾಂಕಿಗೆ ಬೇಡವೇ ಬೇಡ. ಅದು ಕಲ್ಲು ಒಡೆದು ಮಾಡಿದ ಪುಡಿ, ಅಂಚು ಚೂಪು, ಮೀಸೆ ಸವೆದುಹೋಗುತ್ತದೆ. ನಯವಾದ ಮರಳು ಹಾಕಿ. ಹಾಕುವ ಮುಂಚೆ ಒಂದು ಚಮಚ ಮರಳಿಗೆ ವಿನೆಗರ್ ಬಿಟ್ಟು ನೋಡಿ, ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶ ಇದೆ, ನೀರನ್ನು ಗಡಸು ಮಾಡುತ್ತದೆ.

ಮಲೇಶಿಯನ್ ಟ್ರಂಪೆಟ್ ಎಂಬ ಉದ್ದ ಶಂಖದ ಬಸವನಹುಳು ಹಗಲೆಲ್ಲ ಮರಳಿನೊಳಗೆ ಓಡಾಡಿ ಅದನ್ನು ಸಡಿಲವಾಗಿಡುತ್ತದೆ. ನನಗೆ ಅದು ಇಷ್ಟ. ಆದರೆ ಆಹಾರ ಜಾಸ್ತಿಯಾದರೆ ನೂರಾರು ಆಗುತ್ತವೆ, ಅಷ್ಟು ಕಂಡರೆ ನೀವು ಎಷ್ಟು ಹಾಕುತ್ತಿದ್ದೀರಿ ಎಂದು ನೋಡಿಕೊಳ್ಳಿ. ಎರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಬೇಕು. ಹಗಲಲ್ಲೇ ಎಲ್ಲ ಹುಳುಗಳೂ ಗಾಜು ಹತ್ತಿ ನೀರಿನ ಮೇಲ್ಮೈ ಕಡೆ ಬಂದರೆ ನೀರಲ್ಲಿ ಏನೋ ಕೆಟ್ಟಿದೆ, ಕಾಯದೆ ಕಾಲು ಭಾಗ ನೀರು ಬದಲಿಸಿ.

ದಸರಾ ರಜೆಗೋ ಮದುವೆಗೋ ಊರಿಗೆ ಹೊರಟಾಗ, ಹೊರಡುವ ಹಿಂದಿನ ದಿನ ಮರಳು ಕ್ಲೀನ್ ಮಾಡಬೇಡಿ. ಮೂರ್ನಾಲ್ಕು ದಿನ ಮುಂಚೆಯೇ ಮುಗಿಸಿ, ಮೀನು ಹೇಗಿದೆ ಎಂದು ನೋಡಲು ಸಮಯ ಇರಲಿ. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಡಬೇಡಿ. ಪ್ರೀತಿಯಿಂದಲೇ ಜಾಸ್ತಿ ಹಾಕಿಬಿಡುತ್ತಾರೆ. ಒಂದು ಹೊತ್ತಿನದ್ದನ್ನು ಅಳತೆ ಮಾಡಿ ಕಾಗದದ ಪೊಟ್ಟಣ ಕಟ್ಟಿ, ಮೇಲೆ ದಿನ ಬರೆದು ಟ್ಯಾಂಕಿನ ಪಕ್ಕ ಸಾಲಾಗಿ ಇಟ್ಟು ಹೋಗಿ. ಎರಡು ಮೂರು ದಿನವಷ್ಟೇ ಆದರೆ ಏನೂ ಹಾಕುವುದೇ ಬೇಡ, ಬೆಳೆದ ಆರೋಗ್ಯವಂತ ಮೀನು ಆರಾಮಾಗಿರುತ್ತದೆ.